ರೇನ್‌ಬೋ ಮೀನು: ಮೊಟ್ಟೆ ಬರುತ್ತಿದೆ, ಮರಿ ಮಾತ್ರ ಉಳಿಯುತ್ತಿಲ್ಲ

ಕುಕ್ಕರಹಳ್ಳಿ ಮೀನು (ಮೈಸೂರು)

ಎಲ್ಲರಿಗೂ ನಮಸ್ಕಾರ. ರೇನ್‌ಬೋ ಸಾಕಿದವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಬೇಕು.

ನನ್ನ ಹತ್ತಿರ ನಾಲ್ಕಡಿ ಟ್ಯಾಂಕ್ ಇದೆ. ಅಗಲ, ಎತ್ತರ ಎರಡೂ ಒಂದೂವರೆ ಅಡಿ, ಅಂದರೆ ಸುಮಾರು 240 ಲೀಟರ್. ಅದರಲ್ಲಿ ಆರು ಬೋಸ್ಮನಿ, ನಾಲ್ಕು ಟರ್ಕಾಯ್ಸ್ ರೇನ್‌ಬೋ ಇವೆ. ನೀರು ಅರ್ಧ ನಲ್ಲಿಯದು, ಅರ್ಧ ಬೋರ್‌ವೆಲ್‌ನದು. ಪಿಎಚ್ 7.6 ಇದೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 350ರ ಆಸುಪಾಸು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತೇನೆ. ದೊಡ್ಡ ಮೀನುಗಳು ಚೆನ್ನಾಗಿಯೇ ಇವೆ, ಇಡೀ ದಿನ ಆ ತುದಿಯಿಂದ ಈ ತುದಿಗೆ ಓಡಾಡಿಕೊಂಡಿರುತ್ತವೆ.

ಬೆಳಗ್ಗೆ ಲೈಟ್ ಹಾಕಿದ ಕೂಡಲೇ ಗಂಡುಗಳ ಆಟ ಶುರುವಾಗುತ್ತದೆ. ರೆಕ್ಕೆ ಅಗಲಿಸಿ ಒಂದರ ಪಕ್ಕ ಒಂದು ನಿಂತು ನಡುಗುತ್ತವೆ, ಹಣೆಯಿಂದ ಬೆನ್ನಿನವರೆಗೆ ಒಂದು ಹೊಳೆಯುವ ಪಟ್ಟೆ ಮಿಂಚಿ ಮಾಯವಾಗುತ್ತದೆ. ಆಮೇಲೆ ಟ್ಯಾಂಕ್ ಒಳಗೆ ಬೆಳೆಸಿದ ಹಾವಸೆಯಂಥ ಗಿಡ ಜಾವಾ ಮಾಸ್‌ನಲ್ಲಿ ನೋಡಿದರೆ ಮೊಟ್ಟೆ ಇರುತ್ತದೆ. ಮಾಸ್ ಸಮೇತ ಎತ್ತಿ ಬೇರೆ ಡಬ್ಬಿಗೆ ಹಾಕಿದರೆ ಒಂದು ವಾರದಲ್ಲಿ ಮರಿಯೂ ಆಗುತ್ತದೆ. ಕೂದಲಿನಷ್ಟು ಸಣ್ಣ, ನೀರಿನ ಮೇಲ್ಮೈಯಲ್ಲೇ ನೇತಾಡುತ್ತಿರುತ್ತವೆ. ಮೂರು ನಾಲ್ಕು ದಿನ ಇರುತ್ತವೆ, ಆಮೇಲೆ ಒಂದೊಂದಾಗಿ ಹೋಗುತ್ತವೆ. ಬೇಯಿಸಿದ ಮೊಟ್ಟೆಯ ಹಳದಿ ಕೊಟ್ಟು ನೋಡಿದೆ. ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ) ಮರಿ ಮಾಡಿಸಿ ಕೊಟ್ಟು ನೋಡಿದೆ. ಎರಡರಲ್ಲೂ ಫಲಿತಾಂಶ ಒಂದೇ.

ಇನ್ನೆರಡು ಪ್ರಶ್ನೆ. ಬೋಸ್ಮನಿ ಫೋಟೋಗಳಲ್ಲಿ ಮುಂದಿನ ಅರ್ಧ ಕಡು ನೀಲಿ, ಹಿಂದಿನ ಅರ್ಧ ಕಿತ್ತಳೆ ಇರುತ್ತದಲ್ವಾ? ನನ್ನವು ಬೂದು ಬಣ್ಣಕ್ಕೆ ಸ್ವಲ್ಪ ಹಳದಿ ಬಳಿದ ಹಾಗಿವೆ, ಅಷ್ಟೇ. ಉದ್ದ ಎರಡೂವರೆ ಇಂಚು ಇರಬಹುದು. ನೀರಿನದೇ ಸಮಸ್ಯೆಯಾ? ಇನ್ನೊಂದು, ಟರ್ಕಾಯ್ಸ್ ಗಂಡು ಬೋಸ್ಮನಿ ಹೆಣ್ಣಿನ ಹಿಂದೆಯೂ ಹೋಗುತ್ತದೆ. ಎರಡೂ ಸೇರಿ ಮರಿ ಆದರೆ ಹೊಸ ಬಣ್ಣ ಬರುತ್ತದಾ? ಬಂದರೆ ಒಳ್ಳೆಯದೇ ಅಲ್ವಾ?

ತೊಟ್ಟಿನೀರು (ಬೆಂಗಳೂರು)

ಮರಿಗಳ ವಿಷಯ ಮೊದಲು. ಅವು ರೋಗದಿಂದ ಸಾಯುತ್ತಿಲ್ಲ, ಹಸಿವಿನಿಂದ ಸಾಯುತ್ತಿವೆ. ಮೂರು ನಾಲ್ಕು ದಿನ ಅಂದಿರಲ್ಲ, ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ. ರೇನ್‌ಬೋ ಮರಿ ಮೊಟ್ಟೆಯಿಂದ ಹೊರಬರುವಾಗಲೇ ಹೊಟ್ಟೆಯ ಹಳದಿ ಚೀಲ ಬಹುಪಾಲು ಖಾಲಿ. ಹೊರಬಂದ ಮೊದಲ ದಿನವೇ ಈಜಿ ಊಟ ಹುಡುಕುತ್ತದೆ. ಆದರೆ ಬಾಯಿ ತುಂಬ ಚಿಕ್ಕದು. ಆರ್ಟೀಮಿಯಾ ಮರಿ ಅರ್ಧ ಮಿಲಿಮೀಟರ್ ಹತ್ತಿರ ಇರುತ್ತದೆ, ಅದು ಆ ಬಾಯಿಗೆ ಹೋಗುವುದಿಲ್ಲ. ಹಾಲು ಕುಡಿಯುವ ಕೂಸಿಗೆ ಮುದ್ದೆ ಮುರಿದು ಇಟ್ಟ ಹಾಗೆ. ಎದುರಿಗೆ ಊಟ ಓಡಾಡುತ್ತಿದ್ದರೂ ಅವು ಉಪವಾಸ.

ಎರಡನೆಯ ಮಾತು, ಈ ಮರಿಗಳು ಮೇಲ್ಮೈ ಬಿಟ್ಟು ಕೆಳಗೆ ಬರುವುದಿಲ್ಲ. ಮೊದಲ ಒಂದು ವಾರ, ಹತ್ತು ದಿನ ಮೇಲಿನ ಒಂದೆರಡು ಸೆಂಟಿಮೀಟರ್‌ನಲ್ಲೇ ಅವುಗಳ ಪ್ರಪಂಚ. ತಳಕ್ಕೆ ಇಳಿದ ಊಟ ಅವುಗಳ ಪಾಲಿಗೆ ಇಲ್ಲ. ಮೊಟ್ಟೆಯ ಹಳದಿ ಅಲ್ಲೇ ಕೈಕೊಡುವುದು. ಸ್ವಲ್ಪ ತಿನ್ನುತ್ತವೆ, ಉಳಿದದ್ದು ತಳ ಸೇರಿ ರಾತ್ರಿಯೊಳಗೆ ಕೊಳೆತು ನೀರು ಕೆಡುತ್ತದೆ. ಆಗ ಹಸಿವಿನ ಜೊತೆಗೆ ಅಮೋನಿಯಾ. ನನ್ನ ಕೇಳಿದರೆ ರೇನ್‌ಬೋ ಮರಿಗೆ ಮೊಟ್ಟೆಯ ಹಳದಿ ಬೇಡವೇ ಬೇಡ. ಮೈಕ್ರೋವರ್ಮ್ ಅನ್ನುವ ಸಣ್ಣ ಹುಳ ಕೂಡ ಬೇಗ ಮುಳುಗುತ್ತದೆ, ಶುರುವಿಗೆ ಅದೂ ಅಷ್ಟು ಉಪಯೋಗ ಇಲ್ಲ.

ಹಾಗಾದರೆ ಏನು ಕೊಡುವುದು? ಹಸಿರು ನೀರು (ಸಣ್ಣ ಪಾಚಿ ತುಂಬಿದ ನೀರು) ಮತ್ತು ಇನ್ಫುಸೋರಿಯಾ (ಧೂಳಿನಷ್ಟು ಸಣ್ಣ ನೀರಿನ ಜೀವಿಗಳು). ಇದಕ್ಕೆ ದುಡ್ಡು ಬೇಡ, ಮುಂದಾಲೋಚನೆ ಬೇಕು. ಟ್ಯಾಂಕ್‌ನಿಂದ ತೆಗೆದ ಹಳೇ ನೀರನ್ನು ಒಂದು ಬಿಳಿ ಬಕೆಟ್‌ನಲ್ಲಿ ಟೆರೇಸ್ ಮೇಲೆ ಬಿಸಿಲಿಗಿಡಿ. ಮೇಲೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆ ಸಾಕಿದ ಹಾಗಾಗುತ್ತದೆ. ಬಿಸಿಲು ಚೆನ್ನಾಗಿದ್ದರೆ ಒಂದೆರಡು ವಾರದಲ್ಲಿ ನೀರು ಹಸಿರಾಗುತ್ತದೆ. ಇನ್ನೊಂದು ಗಾಜಿನ ಜಾಡಿಯಲ್ಲಿ ಅದೇ ಹಳೇ ನೀರಿಗೆ ಒಣಗಿದ ಬಾಳೆ ಎಲೆಯ ಚೂರು, ಇಲ್ಲವೇ ಬೇಯಿಸಿದ ಎಲೆಕೋಸಿನ ಒಂದು ತುಂಡು, ಜೊತೆಗೆ ಜಾವಾ ಮಾಸ್ ಹಿಂಡಿದ ರಸ ಹಾಕಿ. ಮೊದಲು ನೀರು ಬೆಳ್ಳಗೆ ಮಂಕಾಗಿ ವಾಸನೆ ಬರುತ್ತದೆ. ಅದು ಬರೀ ಬ್ಯಾಕ್ಟೀರಿಯಾ, ಆಗ ಕೊಡಬೇಡಿ. ನಾಲ್ಕೈದು ದಿನ ಕಳೆದ ಮೇಲೆ ಮಂಕು ಇಳಿದು ನೀರು ತಿಳಿಯಾಗುತ್ತದೆ. ಟಾರ್ಚ್ ಹಿಡಿದು ನೋಡಿದರೆ ಬಿಳಿ ಧೂಳಿನಂಥ ಚುಕ್ಕೆಗಳು ತಾವಾಗಿ ಓಡಾಡುವುದು ಕಾಣುತ್ತದೆ. ಅದೇ ಊಟ. ಡ್ರಾಪರ್‌ನಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಮೇಲ್ಮೈಗೆ.

ಮರಿ ಹುಟ್ಟಿದ ಮೇಲೆ ಇದನ್ನು ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. ಮೊಟ್ಟೆ ಎತ್ತಿಟ್ಟ ದಿನವೇ ಜಾಡಿ ಇಡಿ. 26-27 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಏಳರಿಂದ ಹತ್ತು ದಿನ ಬೇಕು, ಅಷ್ಟರಲ್ಲಿ ಇದೂ ತಯಾರಾಗಿರುತ್ತದೆ.

ಇದಕ್ಕೆಲ್ಲ ಪುರುಸೊತ್ತು ಇಲ್ಲ ಅನ್ನುವವರಿಗೆ ವಿನೆಗರ್ ಈಲ್ ಒಳ್ಳೆಯದು. ಸೇಬಿನ ವಿನೆಗರ್‌ನಲ್ಲಿ ಸಾಕುವ ದಾರದಂಥ ಹುಳ. ಇವು ತಕ್ಷಣ ಮುಳುಗುವುದಿಲ್ಲ, ಮೇಲ್ಮೈ ಹತ್ತಿರವೇ ಹೊರಳಾಡುತ್ತ ಸಿಹಿನೀರಿನಲ್ಲೂ ಕೆಲವು ದಿನ ಬದುಕಿರುತ್ತವೆ. ಹಾಗಾಗಿ ನೀರು ಕೆಡುವುದಿಲ್ಲ, ಮರಿ ಯಾವಾಗ ಬೇಕಾದರೂ ತಿನ್ನಬಹುದು. ಆಫೀಸಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ. ಒಂದು ಸಲ ಶುರುವಾದ ಬಾಟಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ನೆ ಬಿದ್ದಿದ್ದರೂ ಸಾಯುವುದಿಲ್ಲ. ನುಣ್ಣಗಿನ ಸ್ಪಿರುಲಿನಾ (ಒಂದು ಬಗೆಯ ಪಾಚಿ) ಪುಡಿ ಕೂಡ ತೇಲುತ್ತದೆ. ಬೆರಳ ತುದಿಗೆ ಅಂಟಿದಷ್ಟೇ, ಒಂದು ಚೂರು ಜಾಸ್ತಿ ಬೇಡ.

ಒಂದು ವಾರ ದಾಟಿದ ಮೇಲೆ ಆರ್ಟೀಮಿಯಾ ಕೊಟ್ಟು ನೋಡಿ. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಬಂತು ಅಂದರೆ ತಿಂದಿವೆ ಎಂದರ್ಥ. ಅಲ್ಲಿಂದ ಮುಂದೆ ಚಿಂತೆ ಕಡಿಮೆ.

ಡಬ್ಬಿಯ ಬಗ್ಗೆಯೂ ಒಂದು ಮಾತು. ಎಷ್ಟು ದೊಡ್ಡದು ಅಂತ ನೀವು ಹೇಳಲಿಲ್ಲ. ಎರಡು ಲೀಟರ್ ಐಸ್‌ಕ್ರೀಮ್ ಡಬ್ಬಿ ಮೊಟ್ಟೆಗೆ ಸಾಕು, ಮರಿಗೆ ಸಾಲದು. ಇಪ್ಪತ್ತು ಲೀಟರ್ ಆದರೂ ಇರಲಿ, ನೀರಿನ ಎತ್ತರ ಮಾತ್ರ ಒಂದು ಗೇಣು ಸಾಕು. ಹಳೆಯ ಸ್ಪಾಂಜ್ ಫಿಲ್ಟರ್ ಹಾಕಿ, ಗಾಳಿ ಗುಳ್ಳೆ ಗುಳ್ಳೆಯಾಗಿ ನಿಧಾನ ಬರಲಿ. ಪವರ್ ಫಿಲ್ಟರ್ ಹಾಕಿದರೆ ಮರಿ ಅದರೊಳಗೆ ಹೋಗುತ್ತವೆ. ನೀರು ತಾಯಿ ಟ್ಯಾಂಕ್‌ನದೇ ಇರಲಿ.

ಪಾಚಿ ಪಕ್ಷ (ಮಂಗಳೂರು)

ಇಷ್ಟೆಲ್ಲ ಮಾಡಬೇಕಾ ಮಾರಾಯ್ರೆ? ನಾನು ಮೊಟ್ಟೆ ಎತ್ತುವುದೇ ಇಲ್ಲ. ನನ್ನ ಹತ್ತಿರ ಇರುವುದು ಪ್ರೀಕಾಕ್ಸ್, ನಿಯಾನ್ ರೇನ್‌ಬೋ ಅಂತ ಮಾರುತ್ತಾರಲ್ಲ, ಎರಡು, ಎರಡೂವರೆ ಇಂಚಿನ ಸಣ್ಣ ಜಾತಿ. ಟ್ಯಾಂಕ್‌ನ ಅರ್ಧ ಭಾಗ ಜಾವಾ ಮಾಸ್, ಮೇಲೆ ತೇಲುವ ಗಿಡಗಳ ಬೇರು ಇಳಿಬಿದ್ದಿವೆ. ಮೊಟ್ಟೆ ಅಲ್ಲೇ ಇಡುತ್ತವೆ, ಕೆಲವನ್ನು ತಾವೇ ತಿನ್ನುತ್ತವೆ, ಕೆಲವು ಉಳಿಯುತ್ತವೆ. ಹಳೆಯ ಮಾಸ್‌ನೊಳಗೆ ಇನ್ಫುಸೋರಿಯಾ ತನ್ನಷ್ಟಕ್ಕೇ ಇರುತ್ತದೆ. ಆಗಾಗ ಒಂದೊಂದು ಮರಿ ಬೇರಿನ ನಡುವಿಂದ ಇಣುಕುತ್ತದೆ. ನನಗೆ ಅಷ್ಟು ಸಾಕು, ನೂರು ಮರಿ ತಗೊಂಡು ನಾನೇನು ಅಂಗಡಿ ಇಡಬೇಕಾ?

ನೀರಿನ ಬಗ್ಗೆ ಹೇಳುವುದಾದರೆ ನಮ್ಮ ಕಡೆ ಬಾವಿ ನೀರು ತುಂಬ ಮೆದು. ಪ್ರೀಕಾಕ್ಸ್‌ಗೆ ಅದು ಹಿಡಿಸುತ್ತದೆ. ನಿಮ್ಮ ಬೋಸ್ಮನಿಗೆ ಹಿಡಿಸುತ್ತಾ ಗೊತ್ತಿದ್ದವರು ಹೇಳಬೇಕು. ನಮಗೆ ಕಷ್ಟ ಏಪ್ರಿಲ್-ಮೇನಲ್ಲಿ. ಟ್ಯಾಂಕ್ 31 ಡಿಗ್ರಿ ದಾಟಿದರೆ ಮೊಟ್ಟೆ ನಿಲ್ಲಿಸಿಬಿಡುತ್ತವೆ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಮುಚ್ಚಳ ಸ್ವಲ್ಪ ಸರಿಸಿ ಸಣ್ಣ ಫ್ಯಾನ್ ಇಡುವುದು, ಗಾಳಿ ಪಂಪ್ ಜೋರು ಮಾಡುವುದು. ಮುಚ್ಚಳ ಪೂರ್ತಿ ತೆಗೆದರೆ ಮೀನು ನೆಲದ ಮೇಲೆ ಸಿಗುತ್ತದೆ. ಈ ಜಾತಿಗೆ ಹಾರುವ ಚಟ ಇದೆ, ಮುಚ್ಚಳ ತೆಗೆಯುವುದಾದರೆ ಅಲ್ಲಿ ಬಲೆ ಹಾಕಿ.

ತೊಟ್ಟಿನೀರು (ಬೆಂಗಳೂರು)

@ಪಾಚಿ ಪಕ್ಷ, ಪ್ರೀಕಾಕ್ಸ್‌ಗೆ ನಿಮ್ಮ ದಾರಿ ಸರಿ. ಬೋಸ್ಮನಿ ಪೂರ್ತಿ ಬೆಳೆದರೆ ಗಂಡು ನಾಲ್ಕು ಇಂಚು ದಾಟುತ್ತದೆ, ಅವುಗಳ ಜೊತೆ ಮರಿ ಉಳಿಯುವುದು ಅಪರೂಪ. ಅವರಿಗೆ ಮರಿ ಬೇಕು ಅಂತ ಕೇಳಿದ್ದಾರೆ, ಎತ್ತಲೇಬೇಕು.

ಎತ್ತುವುದಕ್ಕೆ ಮಾಸ್‌ಗಿಂತ ಉಣ್ಣೆ ಮಾಪ್ ವಾಸಿ. ಕಡು ಹಸಿರು ಅಕ್ರಿಲಿಕ್ ಉಲ್ಲನ್ ದಾರ ತಗೊಂಡು ಒಂದು ಪುಸ್ತಕಕ್ಕೆ ಮೂವತ್ತು ನಲವತ್ತು ಸುತ್ತು ಹಾಕಿ. ಒಂದು ಕಡೆ ಬಿಗಿಯಾಗಿ ಕಟ್ಟಿ, ಇನ್ನೊಂದು ಕಡೆ ಕತ್ತರಿಸಿ. ಕುದಿಯುವ ನೀರಿನಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಮೇಲೆ ಒಂದು ತುಂಡು ಥರ್ಮಾಕೋಲ್ ಕಟ್ಟಿದರೆ ತೇಲುತ್ತದೆ. ರೇನ್‌ಬೋ ಮೊಟ್ಟೆಗೆ ಸಣ್ಣ ಅಂಟು ದಾರ ಇರುತ್ತದೆ, ಅದು ಉಣ್ಣೆಗೆ ಹಿಡಿದುಕೊಳ್ಳುತ್ತದೆ. ಒಂದು ಮಿಲಿಮೀಟರ್ ಗಾತ್ರದ ಗಾಜಿನ ಮಣಿ ತರಹ ಕಾಣುತ್ತದೆ, ಬೆರಳಲ್ಲಿ ಹಿಡಿದರೂ ಒಡೆಯುವುದಿಲ್ಲ. ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಬಿಡಿಸಬಹುದು, ಇಲ್ಲವೇ ಮಾಪ್ ಸಮೇತ ಡಬ್ಬಿಗೆ ಹಾಕಬಹುದು. ಬೆಳ್ಳಗಾದವು ಕೆಟ್ಟವು, ಫಂಗಸ್ ಪಕ್ಕದವಕ್ಕೂ ಹಬ್ಬುವ ಮೊದಲು ತೆಗೆದುಹಾಕಿ. ನೀರು ತಿಳಿ ನೀಲಿ ಆಗುವಷ್ಟು ಮೆಥಿಲೀನ್ ಬ್ಲೂ ಹಾಕಿದರೆ ಫಂಗಸ್ ಕಡಿಮೆ. ಮೂರು ನಾಲ್ಕು ದಿನಕ್ಕೆ ಮೊಟ್ಟೆಯೊಳಗೆ ಎರಡು ಕಪ್ಪು ಕಣ್ಣು ಕಾಣುತ್ತವೆ.

ಈ ಮೀನು ಒಂದೇ ದಿನ ನೂರಾರು ಮೊಟ್ಟೆ ಸುರಿಯುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ, ದಿನಗಟ್ಟಲೆ ಇಡುತ್ತಲೇ ಇರುತ್ತದೆ. ಹಾಗಾಗಿ ಒಂದು ವಾರದ ಮೊಟ್ಟೆ ಒಂದು ಡಬ್ಬಿ, ಮುಂದಿನ ವಾರದ್ದು ಇನ್ನೊಂದು ಡಬ್ಬಿ. ಎರಡನ್ನೂ ಕೂಡಿಸಿದರೆ ದೊಡ್ಡವು ಸಣ್ಣವನ್ನು ನುಂಗುತ್ತವೆ, ನುಂಗದಿದ್ದರೂ ಊಟ ಬಿಡುವುದಿಲ್ಲ.

ತಾಯಿ ಟ್ಯಾಂಕ್‌ನಲ್ಲಿ ಗಂಡಿಗಿಂತ ಹೆಣ್ಣು ಜಾಸ್ತಿ ಇರಲಿ. ಒಂದೇ ಹೆಣ್ಣಿದ್ದರೆ ಅದನ್ನು ಅಟ್ಟಿಸಿಕೊಂಡು ಸುಸ್ತು ಮಾಡಿಬಿಡುತ್ತವೆ.

ಕುಕ್ಕರಹಳ್ಳಿ ಮೀನು (ಮೈಸೂರು)

ತುಂಬಾ ಥ್ಯಾಂಕ್ಸ್. ಊಟದ ಗಾತ್ರ ಅಷ್ಟು ಮುಖ್ಯ ಅಂತ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಜಾಡಿ ಇವತ್ತೇ ಇಡುತ್ತೇನೆ. ಬಣ್ಣದ ಬಗ್ಗೆ? ಮತ್ತೆ ಆ ಎರಡು ಜಾತಿ ಸೇರುವ ವಿಷಯ?

ಬ್ರಿಸ್ಬೇನ್ ಬದಿಯವ

ಎರಡನೆಯದಕ್ಕೆ ನಾನು ಉತ್ತರ ಕೊಡುತ್ತೇನೆ, ಇದು ನನಗೆ ತಲೆ ಬಿಸಿ ಮಾಡುವ ವಿಷಯ. ಮೂಲ ಊರು ಶಿರಸಿ, ಈಗ ಇರುವುದು ರೇನ್‌ಬೋಗಳ ಊರಿನಲ್ಲೇ, ಆಸ್ಟ್ರೇಲಿಯಾದಲ್ಲಿ. ಮನೆ ಹತ್ತಿರದ ಹೊಳೆಯಲ್ಲೇ ಡುಬುಲಾಯಿ ಅನ್ನುವ ಜಾತಿ ಇದೆ. ಇಲ್ಲಿನವರು ಕ್ರಿಮ್ಸನ್ ಸ್ಪಾಟೆಡ್ ಅನ್ನುತ್ತಾರೆ, ಕಿವಿರಿನ ಹತ್ತಿರ ಒಂದು ಕೆಂಪು ಚುಕ್ಕೆ. ಹಿತ್ತಲಿನ ಕೊಳದಲ್ಲಿ ಬಿಟ್ಟರೆ ಸೊಳ್ಳೆ ಮರಿಗಳನ್ನು ತಿಂದುಕೊಂಡು ತಮ್ಮಷ್ಟಕ್ಕೆ ಇರುತ್ತವೆ.

ಬೋಸ್ಮನಿ, ಟರ್ಕಾಯ್ಸ್ ಎರಡೂ ಸೇರುವ ಮೆಲನೋಟೀನಿಯಾ ಕುಲದ ಮೀನುಗಳು ಟ್ಯಾಂಕ್‌ನಲ್ಲಿ ಒಂದರ ಜೊತೆ ಒಂದು ಸುಲಭವಾಗಿ ಕೂಡುತ್ತವೆ. ಮರಿಗಳೂ ಮುಂದೆ ಮರಿ ಹಾಕುತ್ತವೆ. ಹೊಸ ಬಣ್ಣ ಬರುತ್ತದಾ ಅಂತ ಕೇಳಿದಿರಿ. ಬೋಸ್ಮನಿಯ ಚೆಂದ ಇರುವುದೇ ನೀಲಿ, ಕಿತ್ತಳೆ ಎರಡು ಬಣ್ಣ ಮಧ್ಯದಲ್ಲಿ ಕಡಿದ ಹಾಗೆ ಬೇರೆಯಾಗುವುದರಲ್ಲಿ. ಟರ್ಕಾಯ್ಸ್ ಸೇರಿದರೆ ಆ ಗಡಿ ಕಲಸಿಹೋಗುತ್ತದೆ. ನಾನು ನೋಡಿದ ಮಿಶ್ರ ಮೀನುಗಳಲ್ಲಿ ಅಪ್ಪ ಅಮ್ಮನಿಗಿಂತ ಚೆಂದ ಅನ್ನಿಸುವಂಥದ್ದು ಒಂದೂ ಇಲ್ಲ.

ಆ ಎರಡು ಮೀನುಗಳ ಮನೆ ಎಲ್ಲಿ ಅಂತ ಒಮ್ಮೆ ಭೂಪಟದಲ್ಲಿ ನೋಡಿ. ಬೋಸ್ಮನಿ ಇರುವುದು ನ್ಯೂ ಗಿನಿ ದ್ವೀಪದ ಪಶ್ಚಿಮ ತುದಿಯಲ್ಲಿ, ಇಂಡೋನೇಷ್ಯಾದ ಕಡೆ, ಅಯಮಾರು ಕೆರೆಗಳು ಮತ್ತು ಅವಕ್ಕೆ ಸೇರಿದ ಹೊಳೆಗಳಲ್ಲಿ. ಟರ್ಕಾಯ್ಸ್ ಇರುವುದು ಪಾಪುವಾ ನ್ಯೂ ಗಿನಿಯ ಬೆಟ್ಟ ಪ್ರದೇಶದ ಕುಟುಬು ಕೆರೆಯಲ್ಲಿ. ನಡುವೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ, ಬೆಟ್ಟ, ಕಾಡು. ಅವು ತಾವಾಗಿ ಒಂದನ್ನೊಂದು ಭೇಟಿಯಾಗುವ ಪ್ರಸಂಗವೇ ಇಲ್ಲ. ಕೆಂಪು ರೇನ್‌ಬೋ, ಗ್ಲಾಸೋಲೆಪಿಸ್ ಇನ್ಸೈಸಸ್, ಅದರದ್ದು ಮೂರನೇ ಕೆರೆ, ಇಂಡೋನೇಷ್ಯಾದ ಜಯಪುರ ಪಟ್ಟಣದ ಹತ್ತಿರದ ಸೆಂಟಾನಿ. ಒಂದೊಂದು ಕೆರೆಗೆ ಒಂದೊಂದು ಮೀನು ಅನ್ನುವ ಲೆಕ್ಕ ಅಲ್ಲಿ.

ಬೋಸ್ಮನಿಯನ್ನು ಡಚ್ ವಿಜ್ಞಾನಿ ಮರಿನಸ್ ಬೋಸ್ಮನ್ 1950ರ ದಶಕದಲ್ಲಿ ಹಿಡಿದು ತಂದರು. ಬಾಟಲಿಯಲ್ಲಿ ಬಣ್ಣ ಹೋಗಿ ಕೂತಿದ್ದ ಆ ಮೀನಿಗೆ ಜೆರಾಲ್ಡ್ ಆಲೆನ್ ಮತ್ತು ನಾರ್ಬರ್ಟ್ ಕ್ರಾಸ್ ಹೆಸರಿಟ್ಟು ವಿವರಿಸಿದ್ದು 1980ರಲ್ಲಿ. ಜೀವಂತ ಮೀನು ಹವ್ಯಾಸಿಗಳ ಕೈಗೆ ಬಂದದ್ದು ಅದರ ಆಮೇಲೆ. ಬಣ್ಣ ನೋಡಿದ ಕೂಡಲೇ ಬೇಡಿಕೆ ಏರಿತು, ಅಯಮಾರುವಿನಿಂದ ಗಂಡುಗಳನ್ನು ಮಾತ್ರ ರಾಶಿ ರಾಶಿ ಹಿಡಿದು ಕಳಿಸಿದರು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಫಾರ್ಮ್ ಮೀನು. ಕಾಡಿನ ಬೋಸ್ಮನಿ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹೀಗಿರುವಾಗ ನಮ್ಮ ಟ್ಯಾಂಕ್‌ಗಳಲ್ಲಿರುವುದನ್ನಾದರೂ ಶುದ್ಧವಾಗಿ ಇಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಇದು ಬರೀ ಮಡಿವಂತಿಕೆ ಅನ್ನಬೇಡಿ. ಕ್ವೀನ್ಸ್‌ಲ್ಯಾಂಡ್‌ನ ಉತ್ತರದಲ್ಲಿ ಈಚಮ್ ಅಂತ ಒಂದು ಕೆರೆ ಇದೆ, ಜ್ವಾಲಾಮುಖಿಯ ಬಾಯಿಯಲ್ಲಿ ನೀರು ನಿಂತು ಆದದ್ದು. ಅಲ್ಲೊಂದು ಸಣ್ಣ ರೇನ್‌ಬೋ ಇತ್ತು. ಯಾರೋ ಆ ಕೆರೆಗೆ ಬೇರೆ ಹೊಳೆಯ ಮೀನುಗಳನ್ನು ತಂದು ಬಿಟ್ಟರು. 1980ರ ದಶಕದಲ್ಲಿ ನೋಡಿದರೆ ಆ ರೇನ್‌ಬೋ ಕೆರೆಯಲ್ಲಿ ಇಲ್ಲವೇ ಇಲ್ಲ. ಆಗ ಅದು ಉಳಿದಿದ್ದು ಹವ್ಯಾಸಿಗಳ ಟ್ಯಾಂಕ್‌ಗಳಲ್ಲಿ. ಮುಂದೆ ಹತ್ತಿರದ ಕೆಲವು ತೊರೆಗಳಲ್ಲೂ ಸಿಕ್ಕಿತು ಅನ್ನುವುದು ಬೇರೆ ಮಾತು. ಅವತ್ತು ಆ ಹವ್ಯಾಸಿಗಳು ಎಲ್ಲವನ್ನೂ ಒಂದೇ ಟ್ಯಾಂಕ್‌ಗೆ ಹಾಕಿ ಹೊಸ ಬಣ್ಣ ನೋಡೋಣ ಅಂದಿದ್ದರೆ? ಇಲ್ಲಿ ರೇನ್‌ಬೋ ಸಂಘದವರು ಈಗಲೂ ಮೀನಿನ ಹೆಸರಿನ ಜೊತೆ ಹೊಳೆಯ ಹೆಸರನ್ನೂ ಬರೆದೇ ಕೊಡುವುದು. ಟ್ರೈಫ್ಯಾಸಿಯಾಟಾ ಅಂತ ಒಂದು ರೇನ್‌ಬೋ ಜಾತಿ ಇದೆ, ಬರೀ ಆ ಹೆಸರು ಅಂದರೆ ಸಾಲದು, ಗಾಯ್ಡರ್ ನದಿಯ ಟ್ರೈಫ್ಯಾಸಿಯಾಟಾ ಅನ್ನಬೇಕು. ಒಂದೇ ಜಾತಿಯೊಳಗೂ ಹೊಳೆಯಿಂದ ಹೊಳೆಗೆ ಬಣ್ಣ ಬೇರೆ.

ಹುಬ್ಬಳ್ಳಿ ಹಾಬಿ

ಮಾತು ಖರೆ ಐತ್ರಿ, ಆದರೆ ನಮ್ಮ ಕಡೆ ಕೊಳ್ಳುವವರು ಹೊಳೆಯ ಹೆಸರು ಕೇಳುವುದಿಲ್ಲ. "ಬಣ್ಣ ಐತೇನು, ರೇಟ್ ಎಷ್ಟು" ಇಷ್ಟೇ. ನಾನು ಸಣ್ಣ ಪ್ರಮಾಣದಲ್ಲಿ ಮರಿ ಮಾಡಿ ಕೊಡುತ್ತೇನೆ. ಚೆನ್ನೈ ಕೊಳತ್ತೂರಿನಿಂದ ಬರುವ ಪೆಟ್ಟಿಗೆಯಲ್ಲೇ ಎರಡು ಮೂರು ಜಾತಿಯ ಮರಿ ಕಲಸಿ ಬಂದಿರುತ್ತವೆ, ಒಂದು ಇಂಚಿನ ಮರಿ ಎಲ್ಲಾ ಬೆಳ್ಳಿ ಬಣ್ಣ, ಯಾವುದು ಯಾವುದು ಅಂತ ದೇವರಿಗೇ ಗೊತ್ತು. ಹೆಣ್ಣುಗಳಂತೂ ದೊಡ್ಡವಾದ ಮೇಲೂ ಒಂದೇ ತರಹ. ಶುದ್ಧ ಅಂತ ಹೇಗೆ ಹೇಳುವುದು?

ಬ್ರಿಸ್ಬೇನ್ ಬದಿಯವ

ಅದೇ ಕಾರಣಕ್ಕೆ ಹೇಳುತ್ತಿರುವುದು. ಹೆಣ್ಣುಗಳನ್ನು ಬಿಡಿಸಿ ಗುರುತಿಸುವುದು ಪಳಗಿದವರಿಗೂ ಕಷ್ಟ. ಹಾಗಾಗಿ ಒಂದೇ ಕಡೆಯಿಂದ, ಒಂದೇ ಜಾತಿ ಅಂತ ಗೊತ್ತಿರುವ ಗುಂಪನ್ನು ಕೊಳ್ಳಿ. ಗಂಡುಗಳನ್ನು ವರ್ಷ ತುಂಬುವವರೆಗೆ ಬೆಳೆಸಿ, ಅನುಮಾನ ಬಂದದ್ದನ್ನು ಬೇರೆ ಮಾಡಿ, ಆಮೇಲೆ ಮರಿ ಮಾಡಿಸಿ. ನಿಮ್ಮ ಕಲಸಿದ ಗುಂಪು ಸಾಕುವುದಕ್ಕೆ ಪೂರ್ತಿ ಸರಿ. ಅದರ ಮರಿಯನ್ನು ಬೋಸ್ಮನಿ ಅಂತ ಹೆಸರಿಟ್ಟು ಮಾರುವುದು ಮಾತ್ರ ಸರಿಯಲ್ಲ. ಮಿಶ್ರ ಅಂತ ಹೇಳಿಯೇ ಕೊಡಿ, ಯಾರೂ ಬೇಡ ಅನ್ನುವುದಿಲ್ಲ.

ಹುಬ್ಬಳ್ಳಿ ಹಾಬಿ

ಅದು ಆಗಬಹುದು. ಹೇಳಿ ಮಾರಿದರೆ ರೇಟ್ ಹತ್ತು ರೂಪಾಯಿ ಇಳಿಯುತ್ತದೆ, ಇಳಿಯಲಿ.

ಇನ್ನೊಂದು ವಿಷಯ ನನ್ನ ಕಡೆಯಿಂದ. ಕೆಲವು ಮರಿಗಳ ಬೆನ್ನು ಡೊಂಕು ಬರುತ್ತದೆ. ಎಷ್ಟೋ ತಲೆಮಾರು ಅಣ್ಣ ತಂಗಿಯರನ್ನೇ ಕೂಡಿಸಿದ ಮೀನಿನಲ್ಲಿ ಇದು ಜಾಸ್ತಿ. ಅಂಥವನ್ನು ಮುಂದೆ ಮರಿಗೆ ಬಳಸಬೇಡಿ. ಮರಿ ಚಿಕ್ಕದಿರುವಾಗ ಊಟ ಕೊರತೆಯಾದರೂ ಡೊಂಕು ಬರಬಹುದು, ಎಲ್ಲವೂ ರಕ್ತದ ದೋಷ ಅಲ್ಲ.

ತೊಟ್ಟಿನೀರು (ಬೆಂಗಳೂರು)

ಡೊಂಕಿನ ಮಾತು ಬಂತಲ್ಲ, ದೊಡ್ಡ ಮೀನಿಗೆ ಇದ್ದಕ್ಕಿದ್ದ ಹಾಗೆ ಬೆನ್ನು ಬಾಗಿ, ಹೊಟ್ಟೆ ಒಳಗೆ ಹೋಗಿ, ತಿಂದರೂ ಸೊರಗುತ್ತಿದ್ದರೆ ಅದು ಮೀನಿನ ಕ್ಷಯ ಇರಬಹುದು, ಮೈಕೋಬ್ಯಾಕ್ಟೀರಿಯಾ. ರೇನ್‌ಬೋಗಳಿಗೆ ಇದು ಬರುತ್ತದೆ, ಮನೆ ಮದ್ದು ಇಲ್ಲ. ಆ ಮೀನನ್ನು ಕೂಡಲೇ ತೆಗೆಯಿರಿ. ಕೈಯಲ್ಲಿ ಗಾಯ ಇದ್ದಾಗ ಟ್ಯಾಂಕ್‌ಗೆ ಕೈ ಹಾಕಬೇಡಿ, ನಮ್ಮ ಚರ್ಮಕ್ಕೂ ಹತ್ತುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಈಗ ಬಣ್ಣ. ಎರಡೂವರೆ ಇಂಚು ಅಂದಿರಿ. ಅಂದರೆ ಇನ್ನೂ ಹುಡುಗರು. ಬೋಸ್ಮನಿಗೆ ಬಣ್ಣ ತುಂಬುವುದು ವರ್ಷ ಆದ ಮೇಲೆ, ಅಲ್ಲಿಂದಲೂ ಏರುತ್ತ ಹೋಗುತ್ತದೆ. ಗಂಡಿನ ಮೈ ಕೂಡ ವಯಸ್ಸಾದಂತೆ ಎತ್ತರವಾಗಿ ಅಗಲವಾಗುತ್ತದೆ. ಅಂಗಡಿಯಲ್ಲಿ ರೇನ್‌ಬೋ ಮಾರಾಟ ಆಗದೆ ಉಳಿಯುವುದು ಇದಕ್ಕೇ. ಪಕ್ಕದ ಟ್ಯಾಂಕ್‌ನಲ್ಲಿ ಕಾರ್ಡಿನಲ್ ಟೆಟ್ರಾ ಮಿಂಚುತ್ತಿರುವಾಗ ಈ ಬೂದು ಮರಿಗಳನ್ನು ಯಾರು ನೋಡುತ್ತಾರೆ? ಕಾದವರಿಗೆ ಮಾತ್ರ ಸಿಗುವ ಮೀನು ಇದು. ಚೆನ್ನಾಗಿ ನೋಡಿಕೊಂಡರೆ ಐದರಿಂದ ಎಂಟು ವರ್ಷ ಬದುಕುತ್ತವೆ, ಕಾಯುವುದಕ್ಕೆ ಟೈಮ್ ಇದೆ.

ನಿಮ್ಮ ನೀರಿನಲ್ಲಿ ತೊಂದರೆ ಏನೂ ಇಲ್ಲ. ಅಯಮಾರು ಸುಣ್ಣಕಲ್ಲಿನ ಪ್ರದೇಶ, ಅಲ್ಲಿನ ನೀರು ಗಡಸು. ಮೈಸೂರಿನ ಬೋರ್‌ವೆಲ್ ನೀರು ಬೋಸ್ಮನಿಗೆ ವರ. ಮಂಗಳೂರಿನ ಮೆದು ನೀರಿನಲ್ಲಿ ಬೋಸ್ಮನಿ ಇಡುವುದಾದರೆ ಫಿಲ್ಟರ್‌ಗೆ ಒಂದು ಹಿಡಿ ಹವಳದ ಚೂರು ಹಾಕಬೇಕಾಗುತ್ತದೆ, @ಪಾಚಿ ಪಕ್ಷ ಕೇಳಿದ್ದಕ್ಕೆ ಉತ್ತರ. ನಲ್ಲಿ ನೀರಿನ ಕ್ಲೋರಿನ್ ಮಾತ್ರ ನೋಡಿಕೊಳ್ಳಿ, ನೇರ ಸುರಿಯಬೇಡಿ. ಡಿಸೆಂಬರ್-ಜನವರಿಯಲ್ಲಿ ನೀರು 21ಕ್ಕೆ ಇಳಿದರೆ ಸಾಯುವುದಿಲ್ಲ, ಆದರೆ ಮಂಕಾಗುತ್ತವೆ, ಮೊಟ್ಟೆ ಕಡಿಮೆ ಮಾಡುತ್ತವೆ. ಹೀಟರ್ ಹಾಕಿ 25-26ರಲ್ಲಿ ಇಡಿ.

ವಯಸ್ಸು ಬಿಟ್ಟರೆ ಊಟ. ಕಿತ್ತಳೆ, ಕೆಂಪು ಬಣ್ಣದ ಮೂಲವಸ್ತುವನ್ನು ಮೀನು ತಾನೇ ತಯಾರಿಸಲಾರದು, ತಿಂದೇ ಪಡೆಯಬೇಕು. ಸ್ಪಿರುಲಿನಾ, ಸಿಗಡಿ, ಸೈಕ್ಲಾಪ್ಸ್ ಮತ್ತು ಡಾಫ್ನಿಯಾ ಅನ್ನುವ ನೀರಿನ ಪುಟ್ಟ ಜೀವಿಗಳು, ಇವುಗಳಲ್ಲಿ ಅದು ಇದೆ. ನೀಲಿ ಬೇರೆ ಕತೆ. ಅದು ಚರ್ಮದೊಳಗಿನ ಸಣ್ಣ ಹರಳುಗಳ ಮೇಲೆ ಬೆಳಕು ಬಿದ್ದು ಕಾಣುವ ಬಣ್ಣ. ಹಾಗಾಗಿ ಬೆಳಕು ಯಾವ ಕಡೆಯಿಂದ ಬರುತ್ತದೆ ಅನ್ನುವುದು ಮುಖ್ಯ. ಟ್ಯಾಂಕ್‌ನ ಹಿಂದೆ ಕಿಟಕಿ ಇದ್ದರೆ ಎಂಥ ಬೋಸ್ಮನಿಯೂ ಬೂದು ಬೂದಾಗಿ ಕಾಣುತ್ತದೆ. ನಿಮ್ಮ ಬೆನ್ನ ಹಿಂದಿನಿಂದ ಬೆಳಗಿನ ಬಿಸಿಲು ಸ್ವಲ್ಪ ಹೊತ್ತು ಬೀಳುವ ಜಾಗದಲ್ಲಿ ಇಟ್ಟರೆ ಅದೇ ಮೀನು ಬೇರೆಯೇ. ತಳಕ್ಕೆ ಬಿಳಿ ಕಲ್ಲು ಹಾಕಿದ್ದರೆ ತೆಗೆದು ಕಪ್ಪು ಮರಳು ಹಾಕಿ. ಹಿಂದೆ ಕಪ್ಪು ಹಾಳೆ ಅಂಟಿಸಿ.

ಗಂಡುಗಳಿಗೆ ಪೈಪೋಟಿಯೂ ಬೇಕು. ಒಂದೇ ಗಂಡು ಇದ್ದರೆ ಯಾರಿಗೆ ತೋರಿಸಬೇಕು? ಎರಡು ಮೂರು ಇದ್ದಾಗಲೇ ಪೂರ್ತಿ ಬಣ್ಣ ಹಚ್ಚುವುದು. ಅಟ್ಟಾಟ ಜೋರಾಗಿ ಕಂಡರೂ ಪೆಟ್ಟು ಬೀಳುವುದು ಕಡಿಮೆ.

ಕೊಡುವ ಕಾಳು ಸಣ್ಣದಿರಲಿ. ಬಾಯಿ ದೊಡ್ಡದಾಗಿ ಕಂಡರೂ ಗಂಟಲು ಕಿರಿದು, ದೊಡ್ಡ ಪೆಲೆಟ್ ಸಿಕ್ಕಿಹಾಕಿಕೊಳ್ಳುತ್ತದೆ. ಹಸಿವು ಇವಕ್ಕೆ ಮುಗಿಯುವುದೇ ಇಲ್ಲ, ಮುಖ ನೋಡಿ ಕೊಡುತ್ತ ಹೋದರೆ ಕೊಬ್ಬು ಬೆಳೆದು ಮೊಟ್ಟೆ ನಿಲ್ಲಿಸುತ್ತವೆ. ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯನ್ನು ವಾರಕ್ಕೊಮ್ಮೆ ಕೊಡಿ. ಜೀವಂತ ಟ್ಯೂಬಿಫೆಕ್ಸ್ ಹುಳ ಬೇಡ, ಅದು ಬರುವ ಚರಂಡಿ ನೋಡಿದರೆ ನಿಮಗೇ ಬೇಡ ಅನ್ನಿಸುತ್ತದೆ.

ಕುಕ್ಕರಹಳ್ಳಿ ಮೀನು (ಮೈಸೂರು)

ಟ್ಯಾಂಕ್ ಇರುವುದು ಕಿಟಕಿಯ ಮುಂದೆಯೇ! ಬೆಳಕು ಪೂರ್ತಿ ಹಿಂದಿನಿಂದ. ಸರಿ, ಮೊದಲು ಕಪ್ಪು ಹಾಳೆ ಅಂಟಿಸುತ್ತೇನೆ, ಅಷ್ಟು ದೊಡ್ಡ ಟ್ಯಾಂಕ್ ಜರುಗಿಸುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ.

ಟರ್ಕಾಯ್ಸ್‌ಗಳನ್ನು ಬೇರೆ ಮಾಡಲು ತೀರ್ಮಾನ ಮಾಡಿದೆ. ಗೆಳೆಯರೊಬ್ಬರ ಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಖಾಲಿ ಇದೆ, ಅವರಿಗೆ ಕೊಡುತ್ತೇನೆ. ಕೊನೆಯ ಸಂಶಯ. ಇಷ್ಟು ದಿನ ಒಟ್ಟಿಗೆ ಇದ್ದವಲ್ಲ, ಬೋಸ್ಮನಿ ಹೆಣ್ಣುಗಳ ಒಳಗೆ ಟರ್ಕಾಯ್ಸ್ ಬೀಜ ಉಳಿದಿರುತ್ತದಾ? ಗಪ್ಪಿಯಲ್ಲಿ ಹಾಗೆ ಆಗುತ್ತದೆ ಅಂತ ಕೇಳಿದ್ದೆ.

ಬ್ರಿಸ್ಬೇನ್ ಬದಿಯವ

ಇಲ್ಲ. ಗಪ್ಪಿಯಲ್ಲಿ ಗರ್ಭ ಒಳಗೇ ಕಟ್ಟುತ್ತದೆ, ಹೆಣ್ಣು ಬೀಜವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ರೇನ್‌ಬೋದಲ್ಲಿ ಮೊಟ್ಟೆ ಹೊರಗೆ ಬಂದ ಮೇಲೆ ಗಂಡು ಅದರ ಮೇಲೆ ಬೀಜ ಬಿಡುವುದು. ಟರ್ಕಾಯ್ಸ್ ಹೋದ ಮರುದಿನದಿಂದ ಬೀಳುವ ಮೊಟ್ಟೆ ಬೋಸ್ಮನಿಯದೇ.

ಆದರೆ ಟ್ಯಾಂಕ್‌ನ ಮಾಸ್‌ನಲ್ಲಿ ಹಳೆ ಮೊಟ್ಟೆ ಅಂಟಿಕೊಂಡಿರುತ್ತವೆ. ಅವನ್ನು ಹತ್ತು ಹದಿನೈದು ದಿನ ಮುಟ್ಟಬೇಡಿ, ಅಲ್ಲೇ ಒಡೆದು ದೊಡ್ಡವುಗಳ ಪಾಲಾಗಲಿ. ಹೊಸ ಮಾಪ್ ಕಟ್ಟಿ, ಅದರ ಮೇಲಿನ ಮೊಟ್ಟೆ ಮಾತ್ರ ಎತ್ತಿ. ಹೆಣ್ಣುಗಳಲ್ಲಿ ಟರ್ಕಾಯ್ಸ್ ಯಾವುದು ಅಂತ ನಿಮಗೆ ಗ್ಯಾರಂಟಿ ಇದೆಯಾ? ಇಲ್ಲದಿದ್ದರೆ ಹಿಡಿಯುವ ಮೊದಲು ಎಲ್ಲಾ ಹೆಣ್ಣುಗಳ ಫೋಟೋ ಇಲ್ಲಿ ಹಾಕಿ. ಪಕ್ಕದಿಂದ, ರೆಕ್ಕೆ ಬಿಚ್ಚಿದಾಗ ತೆಗೆದದ್ದು ಇರಲಿ.